ಭಾನುವಾರದ ಜನ, ಗುರುವಾರದ ಕೆಲಸ: ಇಂದಿನ ಬ್ರಿಟನ್ನಿನಲ್ಲಿ ಕ್ರೈಸ್ತ ಧರ್ಮ

(ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂದಿನ ಬ್ರಿಟಿಷ್ ಸಮಾಜಕ್ಕೆ ಕ್ರೈಸ್ತ ಧರ್ಮ ಇನ್ನೂ ಮುಖ್ಯವೇ? ಇದು ನನಗೆ ಕೊಟ್ಟಿರುವ ವಿಷಯ. ನಾನು ಕ್ರೈಸ್ತ ಧರ್ಮದವನಲ್ಲ. ಇಲ್ಲಿ ಕೂತಿರುವವರಲ್ಲೂ ಹೆಚ್ಚಿನವರು ಅಲ್ಲ. ಆದರೂ ಇದು ನಮಗೆ ಸಂಬಂಧವಿಲ್ಲದ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಎಷ್ಟೋ ಮಕ್ಕಳು ಇಲ್ಲಿನ ಅಧಿಕೃತ ಚರ್ಚಾದ ಚರ್ಚ್ ಆಫ್ ಇಂಗ್ಲೆಂಡಿನ (ಆಂಗ್ಲಿಕನ್ ಚರ್ಚು) ಪ್ರೈಮರಿ ಶಾಲೆಗೆ ಹೋಗುತ್ತಾರೆ. ಡಿಸೆಂಬರ್ ಬಂತೆಂದರೆ ಯೇಸು ಹುಟ್ಟಿದ ಕಥೆಯ ನಾಟಕದಲ್ಲಿ ಕುರುಬರಾಗಿ, ದೇವದೂತರಾಗಿ ವೇಷ ಹಾಕುತ್ತಾರೆ. ನಮ್ಮ ಯುಗಾದಿ, ದೀಪಾವಳಿ, ಮಕ್ಕಳ ಕನ್ನಡ ಕ್ಲಾಸು ಬಹಳ ಕಡೆ ನಡೆಯುವುದು ಚರ್ಚಿನ ಹಾಲ್‌ಗಳಲ್ಲೇ. ಆ ಹಾಲ್‌ಗಳ ಬೀಗ ಯಾರ ಕೈಯಲ್ಲಿದೆ, ಮುಂದೆ ಯಾರ ಕೈಗೆ ಹೋಗುತ್ತದೆ ಎನ್ನುವುದು ನಮ್ಮ ಪ್ರಶ್ನೆಯೂ ಹೌದು, ಅಲ್ವಾ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೌದು, ಮುಖ್ಯ. ರಾಜನ ಕಿರೀಟ, ಪಾರ್ಲಿಮೆಂಟಿನ ಕುರ್ಚಿ ಇವೆಲ್ಲ ಆ ಮಹತ್ವದ ಹಳೆಯ ಗುರುತುಗಳು. ಈಗ ಅದು ಇರುವುದು ವಾರದ ದಿನಗಳಲ್ಲಿ, ಸಾಮಾನ್ಯ ಬೀದಿಗಳಲ್ಲಿ, ಸಂಬಳವಿಲ್ಲದೆ ನಡೆಯುವ ಕೆಲಸದಲ್ಲಿ. ಆ ಕೆಲಸವನ್ನು ಹೊತ್ತು ನಿಂತಿರುವವರು ಭಾನುವಾರ ಪ್ರಾರ್ಥನೆಗೆ ಬರುವ ಜನ. ಅವರಿಗೆ ವಯಸ್ಸಾಗುತ್ತಿದೆ, ಅವರ ಸಂಖ್ಯೆ ಇಳಿಯುತ್ತಿದೆ. ನನ್ನ ಚಿಂತೆ ಅದು.

ಮೊದಲು ಅಂಕಿಗಳನ್ನು ನೋಡೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ಧರ್ಮದ ಪ್ರಶ್ನೆ ಸೇರಿದ್ದು 2001ರಲ್ಲಿ. ಆ ವರ್ಷ ನೂರಕ್ಕೆ 71.7ರಷ್ಟು ಜನ ತಾವು ಕ್ರೈಸ್ತರು ಎಂದು ಬರೆದರು. 2011ರಲ್ಲಿ ಅದು 59.3ಕ್ಕೆ ಇಳಿಯಿತು. 2021ರಲ್ಲಿ 46.2, ಅಂದರೆ ಅರ್ಧಕ್ಕಿಂತ ಕಡಿಮೆ. ಅದೇ ವರ್ಷ ಯಾವ ಧರ್ಮವೂ ಇಲ್ಲ ಎಂದವರು 37.2. ಮುಸ್ಲಿಮರು 6.5, ಹಿಂದೂಗಳು 1.7. ಕ್ರೈಸ್ತರು ಕಡಿಮೆಯಾಗಲು ವಲಸೆ ಬಂದವರೇ ಕಾರಣ ಎಂದು ಕೆಲವರು ಹೇಳುವುದುಂಟು. ಈ ಅಂಕಿಗಳೇ ಅದಕ್ಕೆ ಉತ್ತರ. ಚರ್ಚು ಬಿಟ್ಟವರಲ್ಲಿ ಬಹುಪಾಲು ಜನ ಬೇರೆ ಧರ್ಮಕ್ಕೆ ಹೋಗಿಲ್ಲ. ಸುಮ್ನೆ ಮನೆಯಲ್ಲೇ ಉಳಿದಿದ್ದಾರೆ.

ಬ್ರಿಟನ್ ಅಂದರೆ ಎಲ್ಲ ಕಡೆ ಒಂದೇ ಅಲ್ಲ ಎನ್ನುವುದೂ ನೆನಪಿರಲಿ. ಒಂದು ಕಾಲಕ್ಕೆ ಊರೂರಿಗೂ ಚಾಪೆಲ್ ಇದ್ದ, ಅಲ್ಲಿನ ಹಾಡುಗಾರಿಕೆಗೆ ಹೆಸರಾಗಿದ್ದ ವೇಲ್ಸ್‌ನಲ್ಲಿ 2021ರ ಹೊತ್ತಿಗೆ ಧರ್ಮ ಇಲ್ಲ ಎಂದವರೇ ಕ್ರೈಸ್ತರಿಗಿಂತ ಜಾಸ್ತಿ ಆದರು. ಸ್ಕಾಟ್‌ಲೆಂಡಿನಲ್ಲಿ 2022ರ ಗಣತಿಯ ಪ್ರಕಾರ ಧರ್ಮ ಇಲ್ಲದವರು 51.1. ಉತ್ತರ ಐರ್ಲೆಂಡಿನ ಕಥೆ ಪೂರ್ತಿ ಬೇರೆ. ಅಲ್ಲಿ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎನ್ನುವುದು ಇವತ್ತಿಗೂ ಓಣಿ, ಶಾಲೆ, ವೋಟುಗಳ ಲೆಕ್ಕ. ಅದನ್ನು ಇವತ್ತು ಮುಟ್ಟುವುದಿಲ್ಲ. ನಾನು ಮಾತಾಡುವುದು ಹೆಚ್ಚಾಗಿ ಇಂಗ್ಲೆಂಡಿನ ಬಗ್ಗೆ.

ಜನಗಣತಿಯಲ್ಲಿ ಕ್ರೈಸ್ತ ಎಂದು ಗುರುತು ಹಾಕುವುದು ಒಂದು, ಚರ್ಚಿಗೆ ಹೋಗುವುದು ಇನ್ನೊಂದು. ಇಂಗ್ಲೆಂಡ್, ವೇಲ್ಸ್ ಸೇರಿ 2021ರಲ್ಲಿ ಹಾಗೆ ಗುರುತು ಹಾಕಿದವರು 2 ಕೋಟಿ 75 ಲಕ್ಷ. ಚರ್ಚ್ ಆಫ್ ಇಂಗ್ಲೆಂಡಿನ ಆರಾಧನೆಗೆ ತಪ್ಪದೆ ಬರುವವರು ಸುಮಾರು 10 ಲಕ್ಷ. ಕ್ಯಾಥೊಲಿಕರು, ಮೆಥಡಿಸ್ಟರು, ಬ್ಯಾಪ್ಟಿಸ್ಟರು, ಪೆಂಟೆಕೋಸ್ಟಲ್ ಸಭೆಗಳವರು ಬೇರೆ. ಅವರನ್ನೆಲ್ಲ ಸೇರಿಸಿದರೂ ದೇಶದಲ್ಲಿ ಅವರು ಚಿಕ್ಕ ಗುಂಪೇ. ಹಿಂದೆ ಎಲ್ಲರೂ ಚರ್ಚಿಗೆ ಹೋಗುತ್ತಿದ್ದರು ಎನ್ನುವುದೂ ಪೂರ್ತಿ ನಿಜವಲ್ಲ. 1851ರಲ್ಲಿ ಸರ್ಕಾರ ಒಂದು ಭಾನುವಾರ ಎಲ್ಲ ಚರ್ಚುಗಳಲ್ಲಿ ತಲೆ ಎಣಿಸಿತು. ಬರಲು ಸಾಧ್ಯವಿದ್ದವರಲ್ಲೂ ದೊಡ್ಡ ಪಾಲು ಬಂದಿರಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ದೊಡ್ಡವರಿಗೆ ಅದು ಆಘಾತವಾಗಿತ್ತು.

ಆಮೇಲೆ ಇಳಿತ ಜೋರಾದದ್ದು 1960ರ ದಶಕದಿಂದ. ಕಾರಣ ಒಂದಲ್ಲ. ಹೆಂಗಸರ ಬದುಕು ಬದಲಾಯಿತು. ಮಕ್ಕಳನ್ನು ಸಂಡೇ ಸ್ಕೂಲಿಗೆ ಕಳಿಸುವ ರೂಢಿ ನಿಂತಿತು. 1994ರ ಕಾಯ್ದೆ ಬಂದ ಮೇಲೆ ಭಾನುವಾರ ದೊಡ್ಡ ಅಂಗಡಿಗಳೂ ಆರು ಗಂಟೆ ತೆರೆದವು. ಮಕ್ಕಳ ಫುಟ್‌ಬಾಲ್ ಆಟವೂ ಭಾನುವಾರಕ್ಕೆ ಬಂತು. ಒಂದು ತಲೆಮಾರು ಹೋಗುವುದು ಬಿಟ್ಟರೆ ಮುಂದಿನ ತಲೆಮಾರಿಗೆ ಹೋಗುವುದೇ ಗೊತ್ತಿರುವುದಿಲ್ಲ. ಈಚೆಗೆ ಒಂದು ಸಮೀಕ್ಷೆಯಿಂದಾಗಿ, ಯುವಕರು ಚರ್ಚಿಗೆ ಮರಳುತ್ತಿದ್ದಾರೆ ಎಂಬ ಸುದ್ದಿ ತುಂಬ ಓಡಾಡಿತು. ಆ ಸಮೀಕ್ಷೆಯ ವಿಧಾನದ ಬಗ್ಗೆ ಬಲ್ಲವರೇ ತಕರಾರು ಎತ್ತಿದ್ದಾರೆ. ಬೇರೆ ಸಮೀಕ್ಷೆಗಳಲ್ಲಿ ಅಂಥ ದೊಡ್ಡ ಏರಿಕೆ ಕಾಣುವುದಿಲ್ಲ. ಹಾಗಾಗಿ ನಾನು ಅದರ ಮೇಲೆ ಏನನ್ನೂ ಕಟ್ಟುವುದಿಲ್ಲ.

ಈಗ ಅರಮನೆಯ ಕಡೆ ನೋಡೋಣ. 2023ರ ಮೇ 6ರಂದು ವೆಸ್ಟ್‌ಮಿನ್‌ಸ್ಟರ್ ಅಬ್ಬಿಯಲ್ಲಿ ಮೂರನೇ ಚಾರ್ಲ್ಸ್ ಪಟ್ಟಾಭಿಷೇಕ ಆಯಿತು. ನಮ್ಮಲ್ಲಿ ಬಹಳ ಜನ ಟಿವಿಯಲ್ಲಿ ನೋಡಿದ್ದೀರಿ. ಅದು ಮೊದಲಿಂದ ಕೊನೆಯ ತನಕ ಕ್ರೈಸ್ತ ಪೂಜಾವಿಧಿ. ಜೆರುಸಲೇಮಿನಿಂದ ತಂದ ಎಣ್ಣೆಯಿಂದ ರಾಜನಿಗೆ ಅಭಿಷೇಕ ಮಾಡುವಾಗ ಸುತ್ತ ಪರದೆ ಹಿಡಿದಿದ್ದರು. ಆ ಭಾಗ ದೇವರಿಗೂ ರಾಜನಿಗೂ ನಡುವಿನದು, ಕ್ಯಾಮೆರಾಗಳಿಗೆ ಅಲ್ಲ ಎನ್ನುವ ಭಾವನೆ. ಕೊಲೊಸ್ಸೆಯವರಿಗೆ ಪೌಲ ಬರೆದ ಪತ್ರದ ಸಾಲುಗಳನ್ನು ಓದಿದವರು ಆಗಿನ ಪ್ರಧಾನಿ ರಿಷಿ ಸುನಕ್, ಹಿಂದೂ. ರಾಜನಿಗೆ ಉಂಗುರ ತಂದುಕೊಟ್ಟ ಲಾರ್ಡ್ ಪಟೇಲ್ ಹಿಂದೂ. ಕೈಗವಸು ಕೊಟ್ಟ ಲಾರ್ಡ್ ಸಿಂಗ್ ಸಿಖ್ಖರು. ಒಬ್ಬ ಮುಸ್ಲಿಂ ಲಾರ್ಡ್, ಒಬ್ಬ ಯಹೂದಿ ಬ್ಯಾರನೆಸ್ ಕೂಡ ರಾಜಚಿಹ್ನೆಗಳನ್ನು ತಂದುಕೊಟ್ಟರು. ಪ್ರಾಟೆಸ್ಟೆಂಟ್ ಧರ್ಮವನ್ನು ಕಾಪಾಡುತ್ತೇನೆ ಎಂದು ರಾಜ ಪ್ರಮಾಣ ಮಾಡುವ ಅದೇ ಕಟ್ಟಡದಲ್ಲಿ ಇವರೆಲ್ಲರಿಗೂ ಜಾಗ ಸಿಕ್ಕಿತು. ನನಗೆ ಅದು ನಿಜವಾಗಿ ಇಷ್ಟವಾಯಿತು. ಮನೆ ಯಾರದು ಎನ್ನುವುದನ್ನು ಮುಚ್ಚಿಡದೆ ಅತಿಥಿಗಳನ್ನು ಒಳಗೆ ಕರೆದ ರೀತಿ ಅದು.

ಪಾರ್ಲಿಮೆಂಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಪಾರ್ಲಿಮೆಂಟಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ 26 ಬಿಷಪ್‌ಗಳಿಗೆ ಹುದ್ದೆಯ ಬಲದಿಂದಲೇ ಕುರ್ಚಿ ಇದೆ. ಸ್ಕಾಟ್‌ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿಗೂ ಅನ್ವಯವಾಗುವ ಕಾನೂನುಗಳ ಮೇಲೆ ಇಂಗ್ಲೆಂಡಿನ ಬಿಷಪ್‌ಗಳು ಮತ ಹಾಕುತ್ತಾರೆ. ಐರ್ಲೆಂಡಿನಲ್ಲಿ 1871ರಲ್ಲೇ, ವೇಲ್ಸ್‌ನಲ್ಲಿ 1920ರಲ್ಲೇ ಚರ್ಚಿಗೂ ಸರ್ಕಾರಕ್ಕೂ ಇದ್ದ ಕಾನೂನಿನ ನಂಟನ್ನು ಬಿಡಿಸಿದರು. ಅದರಿಂದ ಅಲ್ಲಿನ ಚರ್ಚು ಮುಳುಗಲಿಲ್ಲ. ಇಂಗ್ಲೆಂಡಿನಲ್ಲೂ ಈ ಕುರ್ಚಿಗಳನ್ನು ಬಿಟ್ಟುಕೊಡುವ ಕಾಲ ಬಂದಿದೆ ಅಂತ ನನ್ನ ಅಭಿಪ್ರಾಯ.

ಆದರೆ ಆ ಕುರ್ಚಿಗಳಲ್ಲಿ ಕೂತವರು ಆಡಿದ ಮಾತಿಗೆ ಬೆಲೆ ಇಲ್ಲ ಎಂದು ನಾನು ಹೇಳುವುದಿಲ್ಲ. ಆಶ್ರಯ ಕೇಳಿ ಬಂದವರನ್ನು ರುವಾಂಡಾಗೆ ಕಳಿಸುವ ಯೋಜನೆ 2022ರಲ್ಲಿ ಬಂದಾಗ, ಲಾರ್ಡ್ಸ್‌ನಲ್ಲಿರುವ ಬಿಷಪ್‌ಗಳೆಲ್ಲ ಸೇರಿ ಇದು ಅನೈತಿಕ ಎಂದು ಪತ್ರಿಕೆಗೆ ಬರೆದರು. ಹಿಂದೆ 1985ರಲ್ಲೂ ಹೀಗೇ ಆಗಿತ್ತು. ನಗರಗಳ ಬಡತನದ ಬಗ್ಗೆ ಚರ್ಚು ವರದಿ ಕೊಟ್ಟಾಗ ಥ್ಯಾಚರ್ ಸರ್ಕಾರಕ್ಕೆ ಸಿಟ್ಟು ಬಂದಿತ್ತು. ಆ ವರದಿಗೆ ತೂಕ ಬಂದದ್ದು ಕುರ್ಚಿಯಿಂದಲ್ಲ. ಕೆಲಸ ಕಳೆದುಕೊಂಡ ಓಣಿಗಳಲ್ಲಿ ಪಾದ್ರಿಗಳು ಮನೆ ಮಾಡಿಕೊಂಡಿದ್ದರು. ಬ್ಯಾಂಕಿನ ಶಾಖೆ ಮುಚ್ಚಿದ, ಡಾಕ್ಟರು ಊರಾಚೆ ಮನೆ ಮಾಡಿದ ಜಾಗದಲ್ಲೂ ಅಲ್ಲಿನ ಚರ್ಚಿನ ಪಾದ್ರಿ, ಅಂದರೆ ವಿಕಾರ್, ಮಾತ್ರ ಅಲ್ಲೇ ವಾಸ. ಒಂದೊಂದು ಚರ್ಚಿಗೆ ಒಂದೊಂದು ಸೀಮೆ ಎನ್ನುವ ಪ್ಯಾರಿಷ್ ಪದ್ಧತಿಯ ಗುಣ ಅದು. ಇಂಗ್ಲೆಂಡಿನ ಒಂದೊಂದು ಅಡಿ ನೆಲವೂ ಯಾವುದೋ ಒಂದು ಪ್ಯಾರಿಷ್‌ಗೆ ಸೇರಿದೆ. ಅಲ್ಲಿರುವ ಎಲ್ಲರೂ, ಚರ್ಚಿಗೆ ಬರಲಿ ಬಿಡಲಿ, ಆ ವಿಕಾರ್ ನೋಡಿಕೊಳ್ಳಬೇಕಾದವರು. ನೀವೂ ನಾನೂ ಸೇರಿ.

ಆ ವಿಕಾರ್‌ಗಳ ಮೇಲಿನ ಆರ್ಚ್‌ಬಿಷಪ್ ಲಂಡನ್ನಿನಲ್ಲಿ ಇರುವುದು ಥೇಮ್ಸ್ ದಡದ ಲ್ಯಾಂಬೆತ್ ಅರಮನೆಯಲ್ಲಿ. ಅಲ್ಲಿಂದ ಸ್ವಲ್ಪ ನಡೆದರೆ, ಅದೇ ದಡದ ಆಲ್ಬರ್ಟ್ ಎಂಬಾಂಕ್‌ಮೆಂಟ್‌ನಲ್ಲಿ, 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ನಮ್ಮ ಬಸವಣ್ಣನವರ ಪ್ರತಿಮೆ ಇದೆ. ನಿಮ್ಮಲ್ಲಿ ಹಲವರು ಹೋಗಿದ್ದೀರಿ. ಮುಂದಿನ ಸಲ ಹೋದಾಗ ಅರಮನೆಯ ಹೆಬ್ಬಾಗಿಲ ತನಕವೂ ಹೋಗಿ ಬನ್ನಿ.

ಕಹಿ ವಿಷಯವನ್ನೂ ಹೇಳಲೇಬೇಕು. ಚರ್ಚು ನಂಬಿಕೆ ಕಳೆದುಕೊಂಡದ್ದು ಕಾಲ ಬದಲಾಯಿತು ಅಂತ ಮಾತ್ರ ಅಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಸರ್ಕಾರ ನೇಮಿಸಿದ್ದ ಸ್ವತಂತ್ರ ತನಿಖೆ 2020ರಲ್ಲಿ ಆಂಗ್ಲಿಕನ್ ಚರ್ಚಿನ ಕುರಿತು ವರದಿ ಕೊಟ್ಟಿತು. 1940ರ ದಶಕದಿಂದ 2018ರ ತನಕ ಪಾದ್ರಿಗಳು ಮತ್ತು ಚರ್ಚಿನ ಹೊಣೆಯಲ್ಲಿದ್ದ 390 ಜನರಿಗೆ ಶಿಕ್ಷೆಯಾಗಿತ್ತು. ಕ್ರೈಸ್ತ ಬೇಸಿಗೆ ಶಿಬಿರಗಳನ್ನು ನಡೆಸುತ್ತಿದ್ದ ಜಾನ್ ಸ್ಮಿತ್ ಎಂಬ ವಕೀಲ ನೂರಕ್ಕೂ ಹೆಚ್ಚು ಹುಡುಗರನ್ನು ಹಿಂಸಿಸಿದ್ದ. ಗೊತ್ತಿದ್ದವರು ಸುಮ್ಮನಿದ್ದರು. ಅವನ ಪ್ರಕರಣದ ಬಗ್ಗೆ ಪ್ರತ್ಯೇಕ ವರದಿ ಹೊರಬಂದ ಮೇಲೆ 2024ರ ನವೆಂಬರ್‌ನಲ್ಲಿ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಘೋಷಿಸಬೇಕಾಯಿತು. ಸುಮ್ಮನಿದ್ದು ಸಂಸ್ಥೆಯನ್ನು ಉಳಿಸಲು ಹೋದವರು ಅದನ್ನು ಇನ್ನಷ್ಟು ಕೆಡಿಸಿದರು. ನೊಂದವರಿಗೆ ಆದ ಅನ್ಯಾಯದ ಮುಂದೆ ಚರ್ಚಿನ ಒಳ್ಳೆಯ ಕೆಲಸಗಳ ಪಟ್ಟಿ ಹಿಡಿಯುವುದು ಸರಿಯಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಗುಲಾಮಗಿರಿಯ ವಿಷಯವೂ ಹಾಗೆಯೇ. ಗುಲಾಮರ ವ್ಯಾಪಾರ ನಿಲ್ಲಿಸಿದವರು ಕ್ರೈಸ್ತರು ಎಂದು ಇಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ನಿಜ. ಕ್ವೇಕರ್‌ಗಳು 1783ರಲ್ಲೇ ಪಾರ್ಲಿಮೆಂಟಿಗೆ ಮನವಿ ಕೊಟ್ಟರು. ವಿಲ್ಬರ್‌ಫೋರ್ಸ್ ವರ್ಷಾನುಗಟ್ಟಲೆ ಹೋರಾಡಿದರು. 1807ರಲ್ಲಿ ವ್ಯಾಪಾರ ನಿಷೇಧವಾಯಿತು, 1833ರಲ್ಲಿ ಗುಲಾಮಗಿರಿಯನ್ನೇ ರದ್ದು ಮಾಡುವ ಕಾಯ್ದೆ ಬಂತು. ಅದೇ ಕಾಲದಲ್ಲಿ ಬಾರ್ಬಡೋಸ್‌ನ ಕಾಡ್ರಿಂಗ್ಟನ್ ಕಬ್ಬಿನ ತೋಟಗಳ ಒಡೆತನ ಚರ್ಚಿನದೇ ಧರ್ಮಪ್ರಚಾರ ಸಂಘದ ಕೈಯಲ್ಲಿತ್ತು. ಅಲ್ಲಿ ದುಡಿದವರು ಗುಲಾಮರು. 2023ರಲ್ಲಿ ಚರ್ಚು ತನ್ನ ನಿಧಿಗೆ ಗುಲಾಮಗಿರಿಯ ಹಣ ಸೇರಿದ್ದನ್ನು ಒಪ್ಪಿಕೊಂಡು, ಅದಕ್ಕೆ ಪ್ರತಿಯಾಗಿ 10 ಕೋಟಿ ಪೌಂಡ್ ತೆಗೆದಿಡುವುದಾಗಿ ಹೇಳಿತು. ಬ್ರಿಟನ್ನಿನ ಒಳ್ಳೆಯ ಮೌಲ್ಯಗಳೆಲ್ಲ ಕ್ರೈಸ್ತ ಧರ್ಮದಿಂದಲೇ ಬಂದವು ಎನ್ನುವ ಮಾತನ್ನು ಹಾಗಾಗಿ ನಾನು ಇಡಿಯಾಗಿ ಒಪ್ಪುವುದಿಲ್ಲ. ಒಂದೇ ಸತ್ಯವೇದವನ್ನು ಕೈಯಲ್ಲಿ ಹಿಡಿದು ಎರಡು ಕಡೆಯವರೂ ನಿಂತಿದ್ದರು.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ.

ಈ ದೇಶದಲ್ಲಿ ಕಷ್ಟದಲ್ಲಿರುವವರ ಕೈಹಿಡಿಯುವ ಎಷ್ಟೋ ಸಂಸ್ಥೆಗಳ ಬೇರು ಚರ್ಚಿನಲ್ಲಿದೆ. ಸಾಯುವ ಯೋಚನೆ ಬಂದವರು ಹಗಲು ರಾತ್ರಿ ಫೋನ್ ಮಾಡಬಹುದಾದ ಸಮಾರಿಟನ್ಸ್ ಸೇವೆಯನ್ನು 1953ರಲ್ಲಿ ಲಂಡನ್ನಿನ ಚರ್ಚೊಂದರಲ್ಲಿ ಶುರು ಮಾಡಿದವರು ಚಾಡ್ ವಾರಾ ಎಂಬ ವಿಕಾರ್. ಸಾವಿನ ಹತ್ತಿರ ಇರುವವರಿಗೆ ನೋವಿಲ್ಲದ ಕೊನೆಯ ದಿನಗಳು ಸಿಗಲಿ ಎಂದು 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದವರು ಸಿಸಿಲಿ ಸಾಂಡರ್ಸ್. ಅವರು ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟರ್. ಗಾಢವಾದ ಕ್ರೈಸ್ತ ನಂಬಿಕೆಯವರು. ಇವತ್ತು ಬೆಂಗಳೂರಿನಲ್ಲಿ ನಡೆಯುವ ಹಾಸ್ಪಿಸ್‌ಗಳ ಹಿಂದಿನ ಯೋಚನೆಯೂ ಅಲ್ಲಿಂದಲೇ ಬಂದದ್ದು. 1834ರಲ್ಲಿ ಡಾರ್ಸೆಟ್‌ನ ಟಾಲ್‌ಪಡಲ್ ಹಳ್ಳಿಯ ಆರು ಕೂಲಿಗಳು ಸಂಘ ಕಟ್ಟಿದ್ದಕ್ಕೆ ಆಸ್ಟ್ರೇಲಿಯಾಗೆ ಗಡೀಪಾರಾದರು. ಅವರ ಮುಂದಾಳು ಜಾರ್ಜ್ ಲವ್‌ಲೆಸ್ ಮೆಥಡಿಸ್ಟ್ ಪ್ರಚಾರಕ. ಅದೇ ಮೆಥಡಿಸ್ಟರೇ ಮೈಸೂರಿಗೂ ಬಂದರು. 1906ರ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮವರ ಬಾಯಲ್ಲಿ ಮಿಷನ್ ಆಸ್ಪತ್ರೆ, ಅವರು ಕಟ್ಟಿದ್ದು. ಮೈಸೂರಿನ ಕಡೆಯವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಇವೆಲ್ಲ ಹಳೆಯ ಕಥೆ, ಈ ಸಂಸ್ಥೆಗಳಲ್ಲಿ ಎಷ್ಟೋ ಈಗ ಧರ್ಮದ ಹಂಗಿಲ್ಲದೆ ನಡೆಯುತ್ತಿವೆ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೇ ಇವತ್ತಿನ ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ: ಫುಡ್‌ಬ್ಯಾಂಕ್.

ಟ್ರಸಲ್ ಸಂಸ್ಥೆಯ ಮೊದಲ ಫುಡ್‌ಬ್ಯಾಂಕ್ ಶುರುವಾದದ್ದು 2000ದಲ್ಲಿ, ಸಾಲ್ಸ್‌ಬರಿಯಲ್ಲಿ. ಅದನ್ನು ಹುಟ್ಟುಹಾಕಿದ ದಂಪತಿ ಕ್ರೈಸ್ತರು. ಹಸಿದವನಿಗೆ ಊಟ ಕೊಟ್ಟದ್ದು ನನಗೇ ಕೊಟ್ಟಂತೆ ಎಂದು ಯೇಸು ಹೇಳುವ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಆ ಕೆಲಸದ ಬುನಾದಿ. 2010-11ರಲ್ಲಿ ಆ ಜಾಲ ಕೊಟ್ಟ ಆಹಾರದ ಪೊಟ್ಟಣಗಳು ಸುಮಾರು 61 ಸಾವಿರ. 2023-24ರಲ್ಲಿ 31 ಲಕ್ಷ ದಾಟಿತು. ಜಗತ್ತಿನ ಶ್ರೀಮಂತ ದೇಶಗಳಲ್ಲಿ ಒಂದರಲ್ಲಿ ಇದು ನಡೆದದ್ದು.

ಫುಡ್‌ಬ್ಯಾಂಕ್‌ಗೆ ಯಾರು ಬೇಕಾದರೂ ಬಂದು ಕೈಚಾಚುವಂತಿಲ್ಲ. ಸಾಮಾನ್ಯವಾಗಿ ಡಾಕ್ಟರು, ಶಾಲೆ, ಸಲಹಾ ಕೇಂದ್ರ, ಸಮಾಜ ಕಾರ್ಯಕರ್ತರು ಯಾರಾದರೂ ಒಂದು ವೋಚರ್ ಕೊಡಬೇಕು. ಅದನ್ನು ತಂದರೆ ಮನೆಯಲ್ಲಿ ಎಷ್ಟು ಜನ ಎಂದು ನೋಡಿ ಮೂರು ದಿನಕ್ಕಾಗುವಷ್ಟು ಆಹಾರ ಕಟ್ಟಿಕೊಡುತ್ತಾರೆ. ಬೇಯಿಸಿದ ಕಾಳಿನ ಡಬ್ಬಿ, ಪಾಸ್ತಾ, ಬೆಳಗಿನ ಸೀರಿಯಲ್, ಕೆಡದ ಹಾಲು, ಟೀ ಪುಡಿ, ಮಗು ಇದ್ದರೆ ಡಯಾಪರ್. ಮನೆಯಲ್ಲಿ ಒಲೆ ಇಲ್ಲದವರಿಗೆ, ಕರೆಂಟಿನ ಮೀಟರಿಗೆ ದುಡ್ಡಿಲ್ಲದವರಿಗೆ ಬೇರೆ ಪೊಟ್ಟಣ. ಬಿಸಿನೀರು ಸುರಿದರೆ ಸಾಕು, ಅಥವಾ ಅದೂ ಬೇಡ, ಹಾಗೇ ತಿನ್ನಬಹುದು ಎನ್ನುವಂಥದ್ದು. ಬರುವವರಲ್ಲಿ ಕೆಲಸ ಇಲ್ಲದವರು ಮಾತ್ರ ಇಲ್ಲ. ಕೆಲಸ ಇದ್ದೂ ಬಾಡಿಗೆ ಕಟ್ಟಿ ಬರಿಗೈ ಆದವರಿದ್ದಾರೆ. ಸರ್ಕಾರ ಕೊಡುವ ನೆರವಿನ ಹಣವಾದ ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿದರೆ ಮೊದಲ ಹಣ ಬರಲು ಐದು ವಾರ ಕಾಯಬೇಕು. ಆ ಐದು ವಾರದಲ್ಲಿ ಸಿಕ್ಕಿಕೊಂಡವರಿದ್ದಾರೆ.

ನಾನು ಆಗಾಗ ಕೈಜೋಡಿಸುವ ಫುಡ್‌ಬ್ಯಾಂಕ್ ಒಂದು ಚರ್ಚಿನ ಹಿಂದಿನ ಹಾಲ್‌ನಲ್ಲಿದೆ. ಗುರುವಾರ ಅದರ ದಿನ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು, ನಿವೃತ್ತರು. ಡಬ್ಬಿಗಳ ತಾರೀಖು ನೋಡಿ ಜೋಡಿಸುವುದು, ಬಂದವರಿಗೆ ಟೀ ಕೊಟ್ಟು ಕೂರಿಸುವುದು, ಪೊಟ್ಟಣ ಕಟ್ಟುವುದು, ಕೊನೆಗೆ ನೆಲ ಒರೆಸುವುದು. ಬಂದವರ ಮುಂದೆ ಯಾರೂ ಧರ್ಮದ ಮಾತು ಎತ್ತುವುದಿಲ್ಲ. ಕೈಜೋಡಿಸುವವರಲ್ಲಿ ಯಾವ ದೇವರನ್ನೂ ನಂಬದವರಿದ್ದಾರೆ, ಒಬ್ಬ ಮುಸ್ಲಿಂ ಹುಡುಗಿ ಇದ್ದಾಳೆ, ನಾನಿದ್ದೇನೆ. ಹಾಗಾದರೆ ಇಲ್ಲಿ ಧರ್ಮದ ಪಾತ್ರ ಏನು?

ನಾನು ಕಂಡುಕೊಂಡದ್ದು ಇಷ್ಟು. ಆ ಹಾಲ್‌ನ ಬೀಗ ಇರುವುದು ಭಾನುವಾರದವರ ಹತ್ತಿರ. ಬಾಯ್ಲರ್ ಕೆಟ್ಟರೆ ಮೆಕ್ಯಾನಿಕ್‌ಗೆ ಫೋನ್ ಮಾಡುವವರು ಅವರೇ. ಇನ್ಶೂರೆನ್ಸ್, ಸೋರುವ ಮಾಳಿಗೆ, ಕಟ್ಟಿಕೊಂಡ ಚರಂಡಿ, ಅಡುಗೆಮನೆಯ ತಪಾಸಣೆ, ಎಲ್ಲ ಅವರ ತಲೆನೋವು. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಅವರು ಪ್ರತಿ ವಾರ ಸೇರುತ್ತಾರೆ. ಫುಡ್‌ಬ್ಯಾಂಕ್‌ಗಾಗಿ ಅಲ್ಲ, ದೇವರನ್ನು ಆರಾಧಿಸಲು. ಆರಾಧನೆ ಮುಗಿದ ಮೇಲೆ ಟೀ ಕುಡಿಯುವಾಗ ಒಬ್ಬರು, ಈ ಗುರುವಾರ ಮಾರ್ಗರೆಟ್‌ಗೆ ಆಸ್ಪತ್ರೆಗೆ ಹೋಗಬೇಕಂತೆ, ನೀವು ಬರ್ತೀರಾ ಎಂದು ಇನ್ನೊಬ್ಬರನ್ನು ಕೇಳುತ್ತಾರೆ. ಇಲ್ಲ ಎನ್ನುವುದು ಕಷ್ಟ. ಮುಂದಿನ ವಾರ ಮತ್ತೆ ಮುಖ ನೋಡಬೇಕಲ್ಲ. ಗುರುವಾರದ ಪಟ್ಟಿ ತುಂಬುವುದು ಭಾನುವಾರದ ಆ ಟೀ ಹೊತ್ತಿನಲ್ಲಿ. ಅದು ಯಾವ ವೆಬ್‌ಸೈಟಿನ ಜಾಹೀರಾತಿಗೂ ಸುಲಭವಾಗಿ ಆಗುವ ಕೆಲಸವಲ್ಲ.

ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಸಿದ್ಧಗಂಗೆಯ ದಾಸೋಹವನ್ನೇ ನೆನೆಸಿಕೊಳ್ಳಿ. ಅಲ್ಲಿ ಊಟ ಮಾಡುವ ಮಗುವಿನ ಜಾತಿ ಧರ್ಮ ಯಾರೂ ಕೇಳುವುದಿಲ್ಲ. ಆದರೆ ಆ ಒಲೆ ಆರದೆ ಉರಿಯುವುದು ಮಠದ ಮೇಲೆ ಭಕ್ತಿ ಇರುವವರು ಅಕ್ಕಿ, ಬೇಳೆ, ತೆಂಗಿನಕಾಯಿ ತಂದು ಹಾಕುವುದರಿಂದ. ಭಕ್ತಿ ಇಲ್ಲದವರೂ ಉಣ್ಣಬಹುದು, ಬಡಿಸಲೂಬಹುದು. ಭಕ್ತಿ ಇರುವವರೇ ಇಲ್ಲವಾದರೆ ಒಲೆ ಎಷ್ಟು ವರ್ಷ ಉರಿಯುತ್ತದೆ?

ಇಲ್ಲಿ ಆ ಪ್ರಶ್ನೆ ಮನೆ ಬಾಗಿಲಿಗೆ ಬಂದಿದೆ. ಹಳ್ಳಿಗಳ ಕಡೆ ಒಬ್ಬರೇ ವಿಕಾರ್ ಐದಾರು ಚರ್ಚುಗಳನ್ನು ನೋಡಿಕೊಳ್ಳುವುದು ಈಗ ಸಾಮಾನ್ಯ. ಚರ್ಚ್ ಆಫ್ ಇಂಗ್ಲೆಂಡಿನ ಕೈಯಲ್ಲಿ ಸುಮಾರು 16 ಸಾವಿರ ಕಟ್ಟಡಗಳಿವೆ. ಇಂಗ್ಲೆಂಡಿನ ಮೊದಲ ದರ್ಜೆಯ ಪಾರಂಪರಿಕ ಕಟ್ಟಡಗಳಲ್ಲಿ ಹತ್ತಿರ ಹತ್ತಿರ ಅರ್ಧ ಚರ್ಚುಗಳೇ. ಅವುಗಳ ರಿಪೇರಿಯ ಭಾರ ಬಹುಪಾಲು ಬೀಳುವುದು ಅಲ್ಲಿ ಭಾನುವಾರ ಸೇರುವ ಇಪ್ಪತ್ತು ಮೂವತ್ತು ಜನರ ಮೇಲೆ. ರಿಪೇರಿಗೆ ಕಟ್ಟಿದ ವ್ಯಾಟ್ ತೆರಿಗೆಯನ್ನು ಸರ್ಕಾರ ವಾಪಸ್ ಕೊಡುತ್ತಿತ್ತು. 2025ರಲ್ಲಿ ಅದಕ್ಕೂ ಒಂದು ಕಟ್ಟಡಕ್ಕೆ ವರ್ಷಕ್ಕೆ 25 ಸಾವಿರ ಪೌಂಡ್ ಎಂದು ಮಿತಿ ಹಾಕಿತು. ಒಂದು ಹಳೆಯ ಗೋಪುರ ರಿಪೇರಿ ಮಾಡಿಸಿದವರಿಗೆ ಗೊತ್ತು, ಅದು ಎಷ್ಟು ಬೇಗ ಮುಗಿಯುವ ಮೊತ್ತ ಅಂತ.

ಇನ್ನೊಂದು ಕಡೆ, 2010ರ ನಂತರ ಸ್ಥಳೀಯ ಕೌನ್ಸಿಲ್‌ಗಳ ಹಣ ಕಡಿತವಾಗಿ ಲೈಬ್ರರಿಗಳು, ಯುವಕರ ಕ್ಲಬ್‌ಗಳು, ಮಕ್ಕಳ ಕೇಂದ್ರಗಳು ಮುಚ್ಚಿದವು. ಎಷ್ಟೋ ಓಣಿಗಳಲ್ಲಿ ದುಡ್ಡು ಕೊಡದೆ ಹೋಗಿ ಕೂರಬಹುದಾದ ಬೆಚ್ಚಗಿನ ಕೋಣೆ ಎಂದರೆ ಚರ್ಚಿನ ಹಾಲ್ ಒಂದೇ ಉಳಿಯಿತು. 2022ರ ಚಳಿಗಾಲದಲ್ಲಿ ಗ್ಯಾಸ್, ಕರೆಂಟು ಬಿಲ್ ಗಗನಕ್ಕೆ ಏರಿದಾಗ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ಮಸೀದಿಗಳು, ಗುರುದ್ವಾರಗಳು, ಮಂದಿರಗಳೂ ಬಾಗಿಲು ತೆರೆದವು. ಗುರುದ್ವಾರದ ಲಂಗರ್ ಅಂತೂ ವೋಚರ್ ಕೇಳುವುದೇ ಇಲ್ಲ, ಆ ವಿಷಯದಲ್ಲಿ ಅದು ಫುಡ್‌ಬ್ಯಾಂಕ್‌ಗಿಂತ ಒಂದು ಕೈ ಮೇಲು. ಆದರೆ ದೇಶದ ಮೂಲೆ ಮೂಲೆಗೂ, ಮಂದಿರ ಗುರುದ್ವಾರ ಯಾವುದೂ ಇಲ್ಲದ ಊರಿಗೂ ಹಬ್ಬಿರುವುದು ಚರ್ಚು ಮಾತ್ರ.

ಎಲ್ಲ ಕಡೆ ಇಳಿತವೇ ಎಂದೂ ಅಲ್ಲ. ಲಂಡನ್ನಿನಲ್ಲಿ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದರೆ ಬಿಳಿ ಬಟ್ಟೆ ಉಟ್ಟು, ಬೈಬಲ್ ಹಿಡಿದು ಹೊರಟ ಆಫ್ರಿಕಾ ಮೂಲದ ಕುಟುಂಬಗಳು ಕಾಣುತ್ತವೆ. 1948ರ ನಂತರ ಕೆರಿಬಿಯನ್ ದ್ವೀಪಗಳಿಂದ ಬಂದ ಕಪ್ಪು ಜನರಲ್ಲಿ ಅನೇಕರು ಶ್ರದ್ಧೆಯ ಆಂಗ್ಲಿಕನ್ನರು. ಇಲ್ಲಿನ ಎಷ್ಟೋ ಚರ್ಚುಗಳು ಅವರನ್ನು ತಣ್ಣಗೆ ಕಂಡವು, ಕೆಲವು ಕಡೆ ಬರಬೇಡಿ ಎಂದೇ ಹೇಳಿದರು. ಅವರು ತಮ್ಮದೇ ಸಭೆಗಳನ್ನು ಕಟ್ಟಿಕೊಂಡರು. ಚರ್ಚ್ ಆಫ್ ಇಂಗ್ಲೆಂಡ್ ಅದಕ್ಕೆ ಕ್ಷಮೆ ಕೇಳಿದ್ದು 2020ರಲ್ಲಿ. ತನ್ನನ್ನು ಬದುಕಿಸಬಲ್ಲವರನ್ನೇ ಬಾಗಿಲಲ್ಲಿ ತಡೆದ ಆ ಕಥೆ ನನಗೆ ತುಂಬ ನೋವು ಕೊಡುತ್ತದೆ. ಆಮೇಲೆ ನೈಜೀರಿಯಾ, ಘಾನಾದವರು ಬಂದರು, ಪೋಲೆಂಡಿನ ಕ್ಯಾಥೊಲಿಕರು ಬಂದರು. ಕೇರಳದ ನರ್ಸ್‌ಗಳು ಎಷ್ಟು ಜನ ಬಂದರೆಂದರೆ, 2016ರಲ್ಲಿ ಸಿರೋ ಮಲಬಾರ್ ಕ್ಯಾಥೊಲಿಕರಿಗೆಂದೇ ಪ್ರೆಸ್ಟನ್‌ನಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯ ಆಯಿತು. ನಮ್ಮ ಮಂಗಳೂರು ಕಡೆಯ ಕೊಂಕಣಿ ಮಾತಾಡುವ ಕ್ಯಾಥೊಲಿಕರೂ ಇಲ್ಲಿ ಆಸ್ಪತ್ರೆಗಳಲ್ಲಿ ದುಡಿಯುತ್ತಾ ಭಾನುವಾರದ ಪೂಜೆ ತಪ್ಪಿಸದೆ ಇದ್ದಾರೆ.

ಹೆಂಗಸರ ವಿಷಯವೂ ನಿಧಾನವಾಗಿ ಬದಲಾಯಿತು. ಮಹಿಳೆಯರು ಪಾದ್ರಿಗಳಾದದ್ದು 1994ರಲ್ಲಿ, ಬಿಷಪ್ ಆದದ್ದು 2015ರಲ್ಲಿ. 2025ರ ಅಕ್ಟೋಬರ್‌ನಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸ್ಥಾನಕ್ಕೆ ಸಾರಾ ಮುಲಾಲಿ ಅವರನ್ನು ಹೆಸರಿಸಿದರು. 1400 ವರ್ಷಗಳಲ್ಲಿ ಮೊದಲ ಮಹಿಳೆ. ಅವರು ಮೊದಲು ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ನರ್ಸ್. ಇಡೀ ಇಂಗ್ಲೆಂಡಿನ ಮುಖ್ಯ ನರ್ಸಿಂಗ್ ಅಧಿಕಾರಿಯಾಗಿದ್ದವರು. ಈ ಸಭೆಯಲ್ಲಿ ಎನ್‌ಎಚ್‌ಎಸ್‌ನವರು ಬಹಳ ಜನ ಇದ್ದೀರಿ, ನಿಮಗೆ ಖುಷಿಯಾಗಬೇಕು. ಸಲಿಂಗಿಗಳ ಮದುವೆಯನ್ನು ಚರ್ಚು ಇನ್ನೂ ನಡೆಸಿಕೊಡುವುದಿಲ್ಲ, 2023ರ ಡಿಸೆಂಬರ್‌ನಿಂದ ಆಶೀರ್ವಾದದ ಪ್ರಾರ್ಥನೆಗೆ ಮಾತ್ರ ಒಪ್ಪಿದೆ. ಯುವಕರು ದೂರವಾಗಲು ಇದೂ ಒಂದು ಕಾರಣ.

ಕೊನೆಯದಾಗಿ ಒಂದು ಆತಂಕ. 2025ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ವಲಸೆಯ ವಿರುದ್ಧ ದೊಡ್ಡ ಮೆರವಣಿಗೆ ನಡೆಯಿತು. ಅದರಲ್ಲಿ ಬಾವುಟಗಳ ಜೊತೆ ಮರದ ಶಿಲುಬೆಗಳನ್ನೂ ಹಿಡಿದಿದ್ದರು. ಇದು ಕ್ರೈಸ್ತ ದೇಶ, ನೀವು ಹೊರಗಿನವರು ಎಂದು ನಮ್ಮಂಥವರಿಗೆ ಹೇಳಲು ಶಿಲುಬೆಯನ್ನು ಬಳಸಿದರು. ಅದಕ್ಕೆ ವಿರೋಧ ಹೇಳಿದವರಲ್ಲಿ ಬೇರೆ ಬೇರೆ ಚರ್ಚುಗಳ ನಾಯಕರೇ ಇದ್ದರು. ಅವರು ಬಹಿರಂಗ ಪತ್ರ ಬರೆದು, ಶಿಲುಬೆಯನ್ನು ಹೀಗೆ ಬಳಸುವುದು ತಪ್ಪು ಎಂದರು. ಚರ್ಚಿನ ಒಳಗೆ ಕೂರುವ ಜನ ಕಡಿಮೆಯಾದಷ್ಟೂ, ಹೊರಗಿನವರು ಆ ಧರ್ಮದ ಹೆಸರನ್ನು ಎತ್ತಿಕೊಂಡು ಓಡುವುದು ಸುಲಭವಾಗುತ್ತದೆ. ಭಾನುವಾರ ಸತ್ಯವೇದ ಓದಿ, ಗುರುವಾರ ಸೂಡಾನಿನಿಂದ ಬಂದವನಿಗೆ ಟೀ ಕೊಡುವ ಅಜ್ಜಿ ಇರುವ ತನಕ ಅವರಿಗೆ ಉತ್ತರ ಕೊಡುವವರು ಒಳಗೇ ಇರುತ್ತಾರೆ. ನಮ್ಮಂಥ ಅಲ್ಪಸಂಖ್ಯಾತರಿಗೆ ಇದು ಚಿಕ್ಕ ವಿಷಯವಲ್ಲ.

ಮಾತು ಮುಗಿದ ಮೇಲೆ ಒಳ್ಳೆಯ ಪ್ರಶ್ನೆಗಳು ಬಂದವು. ಮೂರನ್ನು ಇಲ್ಲಿ ಕೊಡುತ್ತೇನೆ.

ಹಿರಿಯರೊಬ್ಬರು ಕೇಳಿದರು: ಹಸಿದವರಿಗೆ ಊಟ ಕೊಡುವುದು ಸರ್ಕಾರದ ಕೆಲಸ ಅಲ್ವಾ? ಚರ್ಚು ಅದನ್ನು ಮಾಡುತ್ತಾ ಹೋದರೆ ಸರ್ಕಾರ ಕೈ ತೊಳೆದುಕೊಳ್ಳುವುದಿಲ್ಲವೇ? ಈ ಭಯ ನನಗೂ ಇದೆ. ಟ್ರಸಲ್ ಸಂಸ್ಥೆಯೂ ಫುಡ್‌ಬ್ಯಾಂಕ್‌ಗಳೇ ಬೇಡವಾಗುವ ದಿನ ಬರಬೇಕು ಎನ್ನುತ್ತದೆ, ಪೊಟ್ಟಣ ಕೊಡುವುದರ ಜೊತೆಗೆ ಸರ್ಕಾರದ ನೀತಿ ಬದಲಾಗಲಿ ಎಂದು ಒತ್ತಾಯಿಸುತ್ತದೆ. ಎರಡೂ ಆಗಬೇಕು. ಈ ವಾರದ ಹಸಿವು ಮುಂದಿನ ಬಜೆಟ್ ತನಕ ಕಾಯುವುದಿಲ್ಲ.

ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು: ಶಾಲೆಯಲ್ಲಿ ದಿನವೂ ಪ್ರಾರ್ಥನೆ ಇರಬೇಕು, ಅದು ಮುಖ್ಯವಾಗಿ ಕ್ರೈಸ್ತ ರೀತಿಯದಾಗಿರಬೇಕು ಎನ್ನುವ ಕಾನೂನು ಇನ್ನೂ ಇದೆಯಂತಲ್ಲ, ಅದು ಸರಿಯೇ? ಇದೆ. ಪ್ರಾರ್ಥನೆ 1944ರ ಕಾಯ್ದೆಯಿಂದ, ಕ್ರೈಸ್ತ ರೀತಿ ಎನ್ನುವುದು 1988ರ ಕಾಯ್ದೆಯಿಂದ. ತಂದೆ ತಾಯಿ ಬೇಡವೆಂದರೆ ಮಗುವನ್ನು ಹೊರಗಿಡಬಹುದು. ಎಷ್ಟೋ ಶಾಲೆಗಳು ಅದನ್ನು ಅಕ್ಷರಶಃ ಪಾಲಿಸುವುದೂ ಇಲ್ಲ. ಚರ್ಚಿನ ಶಾಲೆಗಳಲ್ಲಿ ಇರಲಿ, ಗೊತ್ತಿದ್ದೇ ಸೇರಿಸಿರುತ್ತೇವೆ. ಉಳಿದ ಸರ್ಕಾರಿ ಶಾಲೆಗಳಿಂದ ಆ ಕಾನೂನನ್ನು ತೆಗೆಯಬೇಕು ಎಂದೇ ನನ್ನ ಉತ್ತರ. ಕಾನೂನಿನ ಬಲದಿಂದ ಹೇಳಿಸಿದ ಪ್ರಾರ್ಥನೆಯಿಂದ ಚರ್ಚಿಗೂ ಏನೂ ಸಿಕ್ಕಿಲ್ಲ, ಮೇಲೆ ಹೇಳಿದ ಅಂಕಿಗಳನ್ನು ನೋಡಿದರೆ ಗೊತ್ತಾಗುತ್ತದೆ.

ಕೊನೆಯ ಪ್ರಶ್ನೆ: ನಾವು ಅವರ ಧರ್ಮದವರಲ್ಲ, ನಾವೇನು ಮಾಡಬಹುದು? ಧರ್ಮ ಬದಲಿಸಬೇಕಾಗಿಲ್ಲ, ಪ್ರಾರ್ಥನೆಗೆ ಹೋಗಬೇಕಾಗಿಯೂ ಇಲ್ಲ. ಹಬ್ಬಕ್ಕೆ ಹಾಲ್ ಬಾಡಿಗೆಗೆ ತೆಗೆದುಕೊಂಡಾಗ ಬೀಗ ವಾಪಸ್ ಕೊಡಲು ಯಾರ ಹತ್ತಿರ ಹೋಗುತ್ತೀರೋ ಅವರನ್ನೇ ಕೇಳಿ, ವಾರದ ಯಾವ ದಿನ ಕೈ ಕಡಿಮೆ ಬೀಳುತ್ತದೆ ಅಂತ. ಡಬ್ಬಿ ಎತ್ತಿಡಲು ಗಟ್ಟಿ ಬೆನ್ನಿನವರು ಬೇಕು, ವ್ಯಾನ್ ಓಡಿಸುವವರು ಬೇಕು, ಲೆಕ್ಕ ಬರೆಯುವವರು ಬೇಕು, ರಿಪೇರಿಯ ಅನುದಾನಕ್ಕೆ ಅರ್ಜಿ ತುಂಬುವವರು ಬೇಕು. ಐಟಿ ಕೆಲಸದವರಿಗೆ ಕೊನೆಯ ಎರಡು ಒಂದು ಸಂಜೆಯ ಕೆಲಸ. ಹೆಸರು ಕೊಡುವವರಿಗಾಗಿ ಒಂದು ಹಾಳೆಯನ್ನು ಟೀ ಮೇಜಿನ ಮೇಲೆ ಇಟ್ಟಿದ್ದೇವೆ. ಗುರುವಾರ ಬೆಳಿಗ್ಗೆ ಬಿಡುವಿರುವವರು ಮೊದಲು ಬರೆಯಿರಿ.